ಬೇಸ್ ಗಿಟಾರಿನವನಿಗೆ ಪತ್ತನಾಜೆಯ ವಾಯಿದೆ

ನಾಲ್ಕು ತಂತಿಯ ಈ ಗಿಟಾರನ್ನು ಹೆಗಲಿಗೆ ಹಾಕಿದ ದಿನದಿಂದ ವಾರಕ್ಕೊಮ್ಮೆಯಾದರೂ ನನ್ನ ಮರ್ಯಾದೆಗೆ ಏನಾದರೊಂದು ಆಗದೆ ಇದ್ದದ್ದಿಲ್ಲ. ಮೊದಲೆಲ್ಲ ಬೇಸರ ಆಗ್ತಿತ್ತು. ಈಗ ಒಂದು ವಾರ ಏನೂ ಆಗದಿದ್ದರೆ, ನಾನು ಕಾರ್ಯಕ್ರಮಕ್ಕೆ ಹೋದದ್ದು ಹೌದಾ ಅಲ್ಲವಾ ಅಂತ ನನಗೇ ಅನುಮಾನ ಬರ್ತದೆ.

ನಮ್ಮದು ಬಂಟ್ವಾಳದ ಒಂದು ಸಣ್ಣ ಆರ್ಕೆಸ್ಟ್ರಾ. ಒಟ್ಟು ಐದು ಜನ. ಮದುವೆ, ಶಾಲಾ ವಾರ್ಷಿಕೋತ್ಸವ, ಯುವಕ ಮಂಡಲದ ಕಾರ್ಯಕ್ರಮ, ಎಲ್ಲಿ ಕರೆದರೂ ಹೋಗಿ ಸಿನಿಮಾ ಹಾಡು ಬಾರಿಸಿ ಬರುವುದು. ಯಜಮಾನರು ಕೀಬೋರ್ಡ್ ನುಡಿಸ್ತಾರೆ, ವ್ಯಾನನ್ನೂ ಅವರೇ ಬಿಡ್ತಾರೆ. ನಾವೆಲ್ಲ ಅವರನ್ನು ಅಣ್ಣ ಅಂತ ಕರೆಯುವುದು. ಹಾಡುವವರು ಇಬ್ಬರು, ಒಬ್ಬ ಗಾಯಕ, ಒಬ್ಬಳು ಗಾಯಕಿ. ಡ್ರಮ್ಮಿಗೆ ಒಬ್ಬ. ನಾನು ಬೇಸ್ ಗಿಟಾರ್. ಹಾಡಿನ ಅಡಿಯಲ್ಲಿ ಧುಂ ಧುಂ ಅಂತ ಒಂದು ದಪ್ಪ ಶಬ್ದ ಇರ್ತದಲ್ಲ, ಅದು ನಾನು. ನೀವು ಕೇಳಿಲ್ಲವಾ? ಪರವಾಗಿಲ್ಲ, ಯಾರೂ ಕೇಳಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ಅಣ್ಣ ಹೊಸ ಕೀಬೋರ್ಡ್ ತಂದರು. ಅದರಲ್ಲಿ ಎಡಗೈಯಲ್ಲಿ ನಾಲ್ಕು ಕೀ ಒತ್ತಿದರೆ ನನ್ನ ಧುಂ ಧುಂ ತನ್ನಷ್ಟಕ್ಕೆ ಬರ್ತದೆ. ಅಣ್ಣ ಒತ್ತಿ ನೋಡಿದರು. ಮತ್ತೆ ನನ್ನನ್ನು ನೋಡಿದರು. ಆಮೇಲೆ ಹೊರಗೆ ನಿಂತ ವ್ಯಾನನ್ನು ನೋಡಿದರು. ಡ್ರಮ್ಮು, ಸ್ಪೀಕರು ಎಲ್ಲ ತುಂಬಿದ ಮೇಲೆ ಆ ವ್ಯಾನಿನಲ್ಲಿ ನಾನು ಹೆಚ್ಚುಕಡಿಮೆ ಡ್ರಮ್ಮಿನವನ ಮಡಿಲಲ್ಲೇ ಕೂತು ಹೋಗುವುದು.

"ಬೇಜಾರು ಮಾಡ್ಬೇಡ ಮಾರಾಯ," ಎಂದರು. "ಪತ್ತನಾಜೆ ತನಕ ನೋಡುವ. ಅಷ್ಟರಲ್ಲಿ ನೀನು ಬೇಕೇ ಬೇಕು ಅಂತ ಕಂಡ್ರೆ ಇರು. ಇಲ್ಲದಿದ್ರೆ ಎಡಗೈ ಉಂಟಲ್ಲ."

ಪತ್ತನಾಜೆ ಅಂದರೆ ಮೇ ತಿಂಗಳ ಕೊನೆಗೆ ಬರುವ ದಿನ. ಯಕ್ಷಗಾನದವರು ಗೆಜ್ಜೆ ಬಿಚ್ಚುವುದು, ಭೂತಕೋಲಗಳು ನಿಲ್ಲುವುದು ಎಲ್ಲ ಅವತ್ತಿಗೆ. ಮಳೆಗಾಲಕ್ಕೆ ಎಲ್ಲರೂ ಮನೆಗೆ ಹೋಗ್ತಾರೆ. ನಾನು ಹೋಗಬೇಕಾದದ್ದು ಬಾವನ ಟೈಲ್ಸ್ ಅಂಗಡಿಗೆ. ಬಾವ ಅಂದರೆ ಹೆಂಡತಿಯ ಅಣ್ಣ, ಬಿ.ಸಿ.ರೋಡಿನಲ್ಲಿ ಅಂಗಡಿ ಇಟ್ಟಿದ್ದಾರೆ. ತುಂಬಾ ಒಳ್ಳೆಯವರು. ಅದೇ ಕಷ್ಟ. "ನಿಮಗೊಂದು ಕುರ್ಚಿ ತೆಗೆದಿಟ್ಟಿದ್ದೇನೆ ಬಾವ, ಫ್ಯಾನಿನ ಅಡಿಯಲ್ಲೇ ಉಂಟು," ಅಂತ ಫೋನು ಮಾಡಿದಾಗಲೆಲ್ಲ ಹೇಳ್ತಿದ್ದರು. ಹನ್ನೊಂದು ವರ್ಷ ನಿಂತು ಬಾರಿಸಿದವನು ಸ್ವಾಮಿ ನಾನು. ಫ್ಯಾನಿನ ಅಡಿಯಲ್ಲಿ ಕೂತು ಬಾತ್‌ರೂಮಿನ ಟೈಲ್ಸ್ ತೋರಿಸುವುದನ್ನು ನೆನೆಸಿದಾಗಲೆಲ್ಲ ಎದ್ದು ಗಿಟಾರನ್ನು ಹೆಗಲಿಗೆ ಹಾಕಿಕೊಳ್ತಿದ್ದೆ.

ಒಮ್ಮೆ ಧೈರ್ಯ ಮಾಡಿ ಹೇಳಿದೆ, "ಅಣ್ಣ, ಬೇಸ್ ಅಂದ್ರೆ ಸಾರಿಗೆ ಉಪ್ಪು ಇದ್ದ ಹಾಗೆ."

"ಡಾಕ್ಟ್ರು ನನಗೆ ಉಪ್ಪು ಬಿಡ್ಲಿಕ್ಕೆ ಹೇಳಿದ್ದಾರೆ," ಎಂದರು ಅಣ್ಣ.

ಭಟ್ರು ಸೌಟು ಹಿಡಿದು ಬಂದದ್ದು

ವಾಯಿದೆ ಸಿಕ್ಕಿದ ಮೇಲಿನ ಮೊದಲ ಮದುವೆ ಮೂಡುಬಿದಿರೆಯಲ್ಲಿ. ಮೂರನೆಯ ಹಾಡು ನಡೀತಾ ಇತ್ತು. ಬದಿಯ ಬಾಗಿಲು ದೂಡಿಕೊಂಡು ಅಡುಗೆಯ ಭಟ್ರು ಬಂದರು, ಕೈಯಲ್ಲಿ ಉದ್ದದ ಸೌಟು. ಸೀದಾ ವೇದಿಕೆಯ ಹತ್ತಿರ ಬಂದು, "ಈ ಧುಂ ಧುಂ ಮಾಡುವುದು ಯಾರು?" ಅಂತ ಕೇಳಿದರು.

ನಾಲ್ಕೂ ಜನ ನನ್ನ ಕಡೆ ಬೆರಳು ತೋರಿಸಿದರು. ನನಗೋ ಒಳಗೊಳಗೆ ಖುಷಿ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದದ್ದು.

"ನಾನೇ ಭಟ್ರೇ."

"ಒಳಗೆ ಅಡುಗೆ ಮನೆಗೆ ಇವರು ಯಾರದ್ದೂ ಕೇಳುವುದಿಲ್ಲ. ನಿಮ್ಮದು ಮಾತ್ರ ಗೋಡೆ ದಾಟಿ ಬರ್ತದೆ."

ಕೇಳಿಸಿತಾ ಎಂಬಂತೆ ನಾನು ಅಣ್ಣನನ್ನು ನೋಡಿದೆ. ಭಟ್ರು ಮುಂದುವರಿಸಿದರು, "ಅದು ಬಂದಾಗೆಲ್ಲ ಮೇಲಿನ ಹಲಗೆಯಲ್ಲಿಟ್ಟ ಸ್ಟೀಲ್ ಲೋಟಗಳು ನಡೀತಾ ನಡೀತಾ ಅಂಚಿಗೆ ಬರ್ತವೆ. ಈಗಾಗಲೇ ಮೂರು ಲೋಟ ಪಾಯಸಕ್ಕೆ ಬಿದ್ದಾಯ್ತು."

ಆಮೇಲೆ ಒಂದು ಪರೀಕ್ಷೆ ನಡೆಯಿತು. ಭಟ್ರು ಅಡುಗೆ ಮನೆಯ ಬಾಗಿಲಲ್ಲಿ ಲೋಟಗಳನ್ನು ನೋಡ್ತಾ ನಿಂತರು. ನಾನು ಒಂದೊಂದೇ ಸ್ವರ ಮೀಟಿದೆ. ದಪ್ಪ ತಂತಿಯನ್ನು ಬೆರಳು ಒತ್ತದೆ ಖಾಲಿ ಬಿಟ್ಟು ಮೀಟಿದ ಕೂಡಲೇ ಸೌಟು ಮೇಲೆ ಹೋಯಿತು. ಅದೇ ಕಳ್ಳ ಸ್ವರ. ಅಲ್ಲಿಂದ ಊಟದವರೆಗೆ ಆ ಸ್ವರ ಬಂದಲ್ಲೆಲ್ಲ ಕೈ ಎತ್ತಿಕೊಂಡು ಸುಮ್ಮನೆ ನಿಂತೆ. ಅಣ್ಣನಿಗೆ ಅದೂ ಗೊತ್ತಾಗಲಿಲ್ಲ.

ಊಟಕ್ಕೆ ಕೂತಾಗ ಭಟ್ರು ತಾವೇ ಬಂದು ನನ್ನ ಎಲೆಗೆ ಎರಡು ಸೌಟು ಪಾಯಸ ಬಡಿಸಿದರು. ಮಾತು ಕೇಳಿದ್ದಕ್ಕೆ ಪ್ರೀತಿ ಅಂತ ನಾನು ಅಂದುಕೊಂಡೆ. ಭಟ್ರು ಬಗ್ಗಿ ಮೆಲ್ಲಗೆ ಹೇಳಿದರು, "ನೋಡಿಕೊಂಡು ಊಟ ಮಾಡಿ. ಒಂದು ಲೋಟ ಇನ್ನೂ ಸಿಕ್ಕಿಲ್ಲ."

ದಾನಿಗಳ ಪಟ್ಟಿ

ಬೆಳ್ತಂಗಡಿ ಕಡೆಯ ಒಂದು ಶಾಲೆಯ ವಾರ್ಷಿಕೋತ್ಸವ. ನಮ್ಮ ಕಡೆ ಶಾಲೆಯ ಗೋಡೆಗೆ ಒಂದು ಮೊಳೆ ಕೊಟ್ಟವರ ಹೆಸರನ್ನೂ ಮೈಕಿನಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಆ ಮೊಳೆ ಸಿಗುವುದಿಲ್ಲ. ಆ ವರ್ಷ ಹೊಸ ಕೊಠಡಿ ಬೇರೆ ಆಗಿತ್ತು. ಪಟ್ಟಿ ಹೆಡ್‌ಮಾಸ್ಟ್ರ ಕೈಯಿಂದ ಮೊಣಕಾಲಿನವರೆಗೆ ಇಳಿದಿತ್ತು.

"ಬರೀ ಓದಿದ್ರೆ ಜನ ಎದ್ದು ಹೋಗ್ತಾರೆ," ಎಂದರು ಹೆಡ್‌ಮಾಸ್ಟ್ರು. "ಹಿಂದಿನಿಂದ ಸ್ವಲ್ಪ ಮ್ಯೂಸಿಕ್ ಇರಲಿ."

ಅಣ್ಣ ನನಗೆ ಸನ್ನೆ ಮಾಡಿ, ಉಳಿದವರನ್ನು ಕರೆದುಕೊಂಡು ಚಾ ಕುಡಿಯಲಿಕ್ಕೆ ಹೋದರು. ನಾನೊಬ್ಬನೇ ಎರಡೇ ಎರಡು ಸ್ವರ ಹಿಡಿದು ಧುಂ, ಧುಂ ಅಂತ ಶುರು ಮಾಡಿದೆ. ಮೊದಲು ಹೆಡ್‌ಮಾಸ್ಟ್ರು ಹಾಜರಿ ಕರೆದ ಹಾಗೆ ಓದ್ತಿದ್ದರು. ಹತ್ತು ಹೆಸರು ದಾಟುವಷ್ಟರಲ್ಲಿ ಅವರ ಹೆಬ್ಬೆರಳು ಕುಣಿಯಲಿಕ್ಕೆ ಶುರುವಾಯಿತು. ಆಮೇಲೆ ನೋಡಿ, "ಎರಡು ಟ್ಯೂಬ್‌ಲೈಟ್" ಧುಂ, "ಒಂದು ಲೋಡು ಜಲ್ಲಿ" ಧುಂ, "ಹತ್ತು ಚೀಲ ಸಿಮೆಂಟು" ಧುಂ ಧುಂ! ಮಕ್ಕಳು ಚಪ್ಪಾಳೆ ತಟ್ಟಿದರು. ಕೊನೆಯ ದಾನಿಯ ಹೆಸರನ್ನು ಹೆಡ್‌ಮಾಸ್ಟ್ರು ಎರಡು ಸಲ ಎಳೆದು ಹಾಡಿಯೇ ಬಿಟ್ಟರು.

ಕಾರ್ಯಕ್ರಮ ಮುಗಿದ ಮೇಲೆ ಮುಂದಿನ ಸಾಲಿನ ಅಜ್ಜ ಒಬ್ಬರು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಇಷ್ಟು ಬಾರಿಸಿದ್ದರಲ್ಲಿ ಅದೊಂದು ಹಾಡು ಚಂದ ಇತ್ತು ಮಾರಾಯ್ರೆ. ಯಾವ ಪಿಕ್ಚರಿನದ್ದು?"

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ವ್ಯಾನಿನಲ್ಲಿ ಡ್ರಮ್ಮಿನವನ ಮಡಿಲಿನಿಂದಲೇ ಹೇಳಿದೆ, "ಅಣ್ಣ, ನಾನು ಒಬ್ಬನೇ ಬಾರಿಸಿದ್ದನ್ನೇ ಜನ ಮೆಚ್ಚಿದ್ದು. ಇದನ್ನು ನನ್ನ ಲೆಕ್ಕದಲ್ಲಿ ಬರೆದುಕೊಳ್ಳಿ."

"ಯಾವುದನ್ನು ಬಾರಿಸಿದ್ದು?"

"ದಾನಿಗಳ ಪಟ್ಟಿ."

ಅಣ್ಣ ಸ್ವಲ್ಪ ದೂರ ವ್ಯಾನು ಬಿಟ್ಟು, ಯೋಚನೆ ಮಾಡಿ ಹೇಳಿದರು, "ಹಾಗಾದ್ರೆ ಹೆಡ್‌ಮಾಸ್ಟ್ರನ್ನು ತಂಡಕ್ಕೆ ಸೇರಿಸುವ."

ಮಗಳ ಉತ್ತರ

ನನ್ನ ಮಗಳು ಎರಡನೆಯ ಕ್ಲಾಸು. ಟೀಚರು ಎಲ್ಲ ಮಕ್ಕಳ ಹತ್ತಿರ ಅಪ್ಪನ ಕೆಲಸ ಏನು ಅಂತ ಕೇಳಿದರಂತೆ. ಇವಳು ಎದ್ದು ನಿಂತು, "ನನ್ನ ಅಪ್ಪ ಹಾಡುವವರ ಹಿಂದೆ ನಿಲ್ತಾರೆ," ಎಂದಳಂತೆ. ಪೋಷಕರ ಸಭೆಗೆ ಹೋದಾಗ ಟೀಚರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಸಪೂರ, ಕಡ್ಡಿಯ ಹಾಗಿರುವ ಜನ.

"ಬಾಡಿಗಾರ್ಡ್ ಅಂತ ಗೊತ್ತೇ ಆಗುವುದಿಲ್ಲ," ಎಂದರು.

ವೇಣೂರಿನಲ್ಲಿ ಇಳಿದು ಹೋದದ್ದು

ಮಗಳ ಮಾತು ನನಗೆ ನಾಟಿತು, ಸುಳ್ಳು ಯಾಕೆ ಹೇಳಲಿ. ಕೇಳುವುದಿಲ್ಲ ಅಂತಾದರೆ ಕಾಣುವ ಹಾಗಾದರೂ ಮಾಡುವ ಅಂತ ತೀರ್ಮಾನ ಮಾಡಿದೆ. ವೇಣೂರು ಕಡೆಯ ಯುವಕ ಮಂಡಲದ ಕಾರ್ಯಕ್ರಮಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ಹೋದೆ. ಜೋರಿನ ಹಾಡು ಬಂದಾಗ ಒಂದು ಹಾರು ಹಾರುವುದು ಅಂತ ನನ್ನ ಯೋಜನೆ.

ವೇದಿಕೆ ಅಂದರೆ ಶಾಲೆಯ ಬೆಂಚು ಡೆಸ್ಕುಗಳನ್ನು ಜೋಡಿಸಿ ಮೇಲೆ ಕಾರ್ಪೆಟ್ ಹಾಸಿದ್ದು. ಕಪ್ಪು ಕನ್ನಡಕದಲ್ಲಿ ಅದು ನನಗೆ ಕಾಣಲಿಲ್ಲ. ಹಾರಿದ್ದು ಚಂದ ಆಯಿತು. ಇಳಿಯುವಾಗ ಎರಡು ಡೆಸ್ಕು ಬೇರೆಬೇರೆ ದಿಕ್ಕಿಗೆ ಸರಿದು ಕೊಟ್ಟವು. ಕಾರ್ಪೆಟ್ ಸಮೇತ ಸೊಂಟದವರೆಗೆ ಒಳಗೆ ಹೋದೆ. ಆದರೆ ಕೈ ನಿಲ್ಲಿಸಲಿಲ್ಲ, ಬಾರಿಸ್ತಾನೇ ಇದ್ದೆ. ಕೆಲಸ ಹೋಗುವ ಹೆದರಿಕೆ ಇದ್ದವನು ಬಿದ್ದರೂ ಬಾರಿಸ್ತಾನೆ.

ಗಾಯಕ ತಿರುಗಿ ನೋಡಿದ. ನಾನು ಅರ್ಧ ಮಾತ್ರ ಕಾಣ್ತಿದ್ದೆ. ಇದು ಅಣ್ಣನೂ ನಾನೂ ಮಾತಾಡಿಕೊಂಡು ಇಟ್ಟ ಹೊಸ ಐಟಂ ಅಂತ ಗ್ರಹಿಸಿ ಅವನೂ ಮಂಡಿಯೂರಿ ಕೂತ. ಅವನನ್ನು ನೋಡಿ ಗಾಯಕಿ ಸೀರೆ ಒಟ್ಟುಮಾಡಿಕೊಂಡು ಕೂತಳು. ಇಡೀ ತಂಡದಲ್ಲಿ ಕೂತು ಬಾರಿಸಬೇಕಾದವನು ಡ್ರಮ್ಮಿನವ ಒಬ್ಬನೇ, ಎಲ್ಲರೂ ಎಲ್ಲಿ ಹೋದರು ಅಂತ ಅವನು ಎದ್ದು ನಿಂತ. ಜನರ ಸಿಳ್ಳೆಯೋ ಸಿಳ್ಳೆ!

ಯುವಕ ಮಂಡಲದ ನಾಲ್ಕು ಹುಡುಗರು ಸೇರಿ ನನ್ನನ್ನು ಗೆಣಸು ಕಿತ್ತ ಹಾಗೆ ಮೇಲೆ ಎಳೆದರು. ಎರಡೂ ಕಾಲಿನ ಚರ್ಮ ಹೋಗಿತ್ತು. ಅಣ್ಣ ಓಡಿ ಬಂದು ಬೆನ್ನು ತಟ್ಟಿದರು. "ಭಾರೀ ಲಾಯ್ಕಾಯ್ತು. ಎಡಗೈಯಲ್ಲಿ ಇದು ಬರುವುದಿಲ್ಲ, ಒಪ್ಪಿದೆ. ಎಲ್ಲ ಕಡೆ ಮಾಡ್ತಿಯಾ?"

ನಾನು ಕಾಲು ತೋರಿಸಿದೆ.

"ವಾರಕ್ಕೆ ಒಂದು ಸಾಕು," ಎಂದರು ಅಣ್ಣ.

ಮುಗಿಯದ ಹಾಡು

ಕಾಲು ಗುಣ ಆದ ಮೇಲೂ ನಾನು ಮತ್ತೆ ಹಾರಲಿಲ್ಲ, ವಾಯಿದೆ ಹಾಗೆಯೇ ಉಳಿಯಿತು. ಅಂತೂ ಪತ್ತನಾಜೆಗೆ ನಾಲ್ಕು ದಿನ ಉಳಿದಿತ್ತು. ಬಿ.ಸಿ.ರೋಡಿನ ಹತ್ತಿರದ ಒಂದು ಸಭಾಭವನದಲ್ಲಿ ಮದುವೆ. ಧಾರೆ ಮುಗಿದು ಊಟಕ್ಕೆ ಮೊದಲು ನಮ್ಮ ಕಾರ್ಯಕ್ರಮ.

"ಇವತ್ತು ನೀನು ಕೆಳಗೆ ಜನರ ಜೊತೆ ಕೂತ್ಕೋ," ಎಂದರು ಅಣ್ಣ. "ನಾನು ಎಡಗೈಯಲ್ಲಿ ಬಾರಿಸ್ತೇನೆ. ವ್ಯತ್ಯಾಸ ಉಂಟಾ ಇಲ್ಲವಾ, ದೇವರಾಣೆ ನಿಜ ಹೇಳ್ಬೇಕು."

ಮೂರನೆಯ ಸಾಲಿನಲ್ಲಿ ಕೂತೆ. ಪಕ್ಕದಲ್ಲಿ ಬಾವ, ಅವರಿಗೂ ಆ ಮದುವೆಗೆ ಹೇಳಿಕೆ ಇತ್ತು. ಹಾಡು ಶುರುವಾಯಿತು. ಒಳ್ಳೆ ಕುಣಿಸುವ ಹಾಡು. ಮದುಮಗಳ ಅತ್ತೆಯಂದಿರು, ಚಿಕ್ಕಮ್ಮಂದಿರು, ಮಾವಂದಿರು ಎಲ್ಲ ಎದ್ದು ವೇದಿಕೆಯ ಮುಂದೆ ಕುಣಿಯಲಿಕ್ಕೆ ಶುರು ಮಾಡಿದರು. ನಾನು ಕಿವಿ ಕೊಟ್ಟು ಕೇಳಿದೆ. ಎಡಗೈ ಚಂದ ಬರ್ತಿತ್ತು. ಒಂದು ತಪ್ಪಿಲ್ಲ. ನಿಜ ಹೇಳಬೇಕಾದರೆ ನನಗಿಂತ ಸ್ವಚ್ಛ. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಇದಕ್ಕಾ ನಾನು ಬೆರಳು ಸವೆಸಿದ್ದು ಅಂತ ಅನಿಸಿತು.

ಬಾವ ನನ್ನ ಮುಖ ನೋಡಿ ತೊಡೆಯ ಮೇಲೆ ಕೈಯಿಟ್ಟರು. "ಸೋಮವಾರ ಒಳ್ಳೆ ದಿನ ಬಾವ. ಒಂಬತ್ತು ಗಂಟೆಗೆ ಬನ್ನಿ."

"ಆಯ್ತು," ಎಂದೆ.

ಹಾಡು ಕೊನೆಗೆ ಬಂತು. ಗಾಯಕ ಪಲ್ಲವಿ ಹಾಡಿದ. ಇನ್ನೊಮ್ಮೆ ಹಾಡಿದ. ಮತ್ತೊಮ್ಮೆ ಹಾಡಿದ. ಜನ ಕುಣೀತಾ ಇದ್ದಾರಲ್ಲ, ಅದಕ್ಕೆ ಎಳೀತಾ ಇದ್ದಾರೆ ಅಂದುಕೊಂಡೆ. ಆರನೆಯ ಸಲ ಪಲ್ಲವಿ ಬಂದಾಗ ಗಾಯಕ ಡ್ರಮ್ಮಿನವನನ್ನು ನೋಡಿದ. ಡ್ರಮ್ಮಿನವ ಅಣ್ಣನನ್ನು ನೋಡಿದ. ಅಣ್ಣ ಬಲಕ್ಕೆ ತಿರುಗಿ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಪಲ್ಲವಿ ಮತ್ತೆ ಶುರುವಾಯಿತು.

ಕುಣಿಯುವವರ ಅವಸ್ಥೆ ಕೇಳಬೇಡಿ. ಮೊದಲು ನಿಂತವರಿಗೆ ಮರ್ಯಾದೆ ಕಡಿಮೆ ಅಂತ ಯಾರೂ ನಿಲ್ಲುವವರಿಲ್ಲ. ಒಬ್ಬರು ಮಾವ ಪಂಚೆ ಒಂದು ಕೈಯಲ್ಲಿ, ಎದೆ ಒಂದು ಕೈಯಲ್ಲಿ ಹಿಡಿದುಕೊಂಡು ಇದ್ದಲ್ಲಿಯೇ ಅಲುಗಾಡ್ತಿದ್ದರು. ಆಚೆ ಎಲೆ ಹಾಕಿ ಆಗಿತ್ತು. ಊಟಕ್ಕೆ ಕರೆಯಬೇಕಾದವರು ಮೈಕು ಸಿಗಲಿ ಅಂತ ವೇದಿಕೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

"ಇದು ಇನ್ನೂ ಅದೇ ಹಾಡಾ ಬಾವ?" ಅಂತ ಬಾವ ಕೇಳಿದರು.

ಆಗ ನೋಡಿದೆ. ವೇದಿಕೆಯ ಮೇಲಿನ ನಾಲ್ಕೂ ಜನ ಒಂದೇ ಕಡೆ ನೋಡ್ತಿದ್ದರು. ಡ್ರಮ್ಮಿಗೂ ಕಂಬಕ್ಕೂ ನಡುವೆ ನಾನು ನಿಲ್ಲುವ ಖಾಲಿ ಜಾಗವನ್ನು.

ಸಿನಿಮಾದ ಎಷ್ಟೋ ಹಾಡುಗಳಿಗೆ ಕೊನೆಯೇ ಇರುವುದಿಲ್ಲ. ರೆಕಾರ್ಡಿನಲ್ಲಿ ಶಬ್ದ ಸಣ್ಣ ಆಗ್ತಾ ಆಗ್ತಾ ಮಾಯ ಆಗ್ತದೆ. ವೇದಿಕೆಯಲ್ಲಿ ಮಾಯ ಆಗಲಿಕ್ಕೆ ಆಗುವುದಿಲ್ಲ, ಯಾರಾದರೂ ನಿಲ್ಲಿಸಬೇಕು. ನಮ್ಮಲ್ಲಿ ಯಾರು ನಿಲ್ಲಿಸ್ತಾರೆ ಅಂತ ಒಬ್ಬರೂ ಒಂದು ದಿನವೂ ಯೋಚಿಸಿದ್ದಿಲ್ಲ, ಅದು ತನ್ನಷ್ಟಕ್ಕೆ ನಿಲ್ತಿತ್ತು. ನನಗೊಂದು ಅಭ್ಯಾಸ. ಹಾಡು ಮುಗಿಯುವಾಗ, ಆಯ್ತು ದೇವರೇ ಅಂತ ತಲೆಯನ್ನು ಒಂದು ಸಲ ಕೆಳಗೆ ಹಾಕುವುದು. ಹಾಡು ಮುಗೀತದೆ, ಅದಕ್ಕೆ ನಾನು ತಲೆ ಹಾಕ್ತೇನೆ ಅಂತ ಹನ್ನೊಂದು ವರ್ಷ ತಿಳಿದಿದ್ದೆ. ಅಲ್ಲ! ನಾನು ತಲೆ ಹಾಕ್ತೇನೆ, ಅದಕ್ಕೆ ಹಾಡು ಮುಗಿಯುವುದು!

ಎದ್ದು ನಿಂತೆ. ಅವರಿಗೆ ಕಾಣಲಿಲ್ಲ. ಕುರ್ಚಿ ಹತ್ತಿ ಎರಡೂ ಕೈ ಎತ್ತಿದೆ. ಗಾಯಕನಿಗೆ ನಾನು ಕಂಡೆ, ಬಾವಿಗೆ ಬಿದ್ದವನು ಹಗ್ಗ ಕಂಡ ಹಾಗೆ ಅವನ ಮುಖ ಅರಳಿತು. ನಾಲ್ಕೂ ಜನ ನನ್ನ ಕಡೆ ತಿರುಗಿದರು. ನಾನು ತಲೆಯನ್ನು ಚೆನ್ನಾಗಿ ಮೇಲಕ್ಕೆ ಎತ್ತಿ, ಕೆಳಗೆ ಹಾಕಿದೆ.

ಕತ್ತಿಯಲ್ಲಿ ಕಡಿದ ಹಾಗೆ ಹಾಡು ನಿಂತಿತು. ಕುಣಿಯುವವರು ಸಿಕ್ಕಿದ ಕುರ್ಚಿಗೆ ಬಿದ್ದರು. ಸಭಾಭವನ ಇಡೀ ಚಪ್ಪಾಳೆ. ಹಾಡು ಚಂದ ಆಯಿತು ಅಂತಲ್ಲ, ಮುಗಿಯಿತಲ್ಲ ಅಂತ. ಎಲ್ಲರೂ ಕುರ್ಚಿಯ ಮೇಲೆ ನಿಂತ ನನ್ನನ್ನೇ ನೋಡ್ತಿದ್ದರು. ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ಕೇಳಿದರು, "ಅವರು ಪೊಲೀಸಾ?"

ಉಳಿದ ಹಾಡುಗಳಿಗೆ ನನ್ನನ್ನು ಮೇಲೆ ಕರೆದರು. ಊಟಕ್ಕೆ ಅಣ್ಣ ನನ್ನ ಪಕ್ಕದಲ್ಲೇ ಬಂದು ಕೂತರು. ಸಾರು ಬಂದ ಮೇಲೆ ಕೇಳಿದರು,

"ಎಡಗೈ ಹೇಗಿತ್ತು?"

"ದೇವರಾಣೆ ಚಂದ ಇತ್ತು ಅಣ್ಣ."

"ಹೌದು, ಚಂದ ಇತ್ತು," ಎಂದರು. ಮುಖದ ಬೆವರು ಇನ್ನೂ ಆರಿರಲಿಲ್ಲ. "ಪತ್ತನಾಜೆಯ ಮಾತು ಬಿಡು ಮಾರಾಯ. ನೀನು ಬೇಕು. ಬೇರೆ ಯಾರಿಲ್ಲದಿದ್ರೂ ನಡೀತದೆ, ನೀನು ಬೇಕು."

ಎದುರಿನ ಸಾಲಿನಲ್ಲಿ ಉಣ್ತಿದ್ದ ಬಾವನಿಗೆ, ಸೋಮವಾರ ಇಲ್ಲ ಅಂತ ಕೈಸನ್ನೆ ಮಾಡಿದೆ. ಅವರೂ ಖುಷಿಯಲ್ಲಿ ನಕ್ಕರು. ಎರಡು ತುತ್ತು ಉಂಡ ಮೇಲೆ ನನಗೊಂದು ಸಂಶಯ ಬಂತು.

"ಅಣ್ಣ, ಧುಂ ಧುಂ ಹೇಗೂ ಎಡಗೈಯಲ್ಲಿ ಬರ್ತದಲ್ಲ. ಮತ್ತೆ ನಾನು ಗಿಟಾರ್ ತರ್ಬೇಕಾ?"

"ತಾ ಮಾರಾಯ," ಎಂದರು ಅಣ್ಣ. "ಬರೀ ತಲೆ ಹಾಕ್ಲಿಕ್ಕೆ ಒಬ್ಬನನ್ನು ಸ್ಟೇಜಿನಲ್ಲಿ ನಿಲ್ಲಿಸಿದ್ರೆ ಜನ ಎಂತ ಹೇಳ್ತಾರೆ?"