ಆನೆಯ ಹೊಟ್ಟೆಯ ಮೇಲಿನ ಸಹಿ

ಮಹಾಲಿಂಗ: ಆನೀ ಬೇಕಾದ್ರ ಇಟ್ಕೋ, ಬ್ಯಾಡಾದ್ರ ಬಿಡು. ನನ್ನ ಸಹಿ ಮಾತ್ರ ಅಳಸಂಗಿಲ್ಲ!

ಮೇಜಿನ ಮೇಲೆ ಗುದ್ದು ಬಿತ್ತು. ಕಂಪ್ಯೂಟರಿನ ಮೌಸು ಒಂದು ಗೇಣು ಹಾರಿತು.

ಶಿವಾಜಿನಗರದ ಆ ಮಹಡಿ ಕೋಣೆಯಲ್ಲಿ ಕಂಪ್ಯೂಟರಿನ ಯುದ್ಧದಾಟ ತಯಾರಾಗುತ್ತಿತ್ತು. ಕೋಟೆ ಕಟ್ಟು, ದಂಡು ಕೂಡಿಸು, ಎದುರಿನವನ ಕೋಟೆ ಕೆಡವು, ಅಂಥ ಆಟ. ಅದಕ್ಕೆ ಆನೆ ಬರೆದುಕೊಟ್ಟವನು ಅದೇ ಊರಿನ ಧನಕವಡಿ ಬಡಾವಣೆಯ ಬೋರ್ಡ್ ಪೇಂಟರ್ ಮಹಾಲಿಂಗ. ಬರೆದ ಬೋರ್ಡಿನ ಮೂಲೆಯಲ್ಲಿ ಹೆಸರು ಹಾಕದೆ ಅವನೆಂದೂ ಏಣಿ ಇಳಿದವನಲ್ಲ. ಈಗ ಪೇಟೆಯ ತುಂಬ ಮಷೀನು ಕತ್ತರಿಸಿದ ರೇಡಿಯಂ ಸ್ಟಿಕ್ಕರಿನ ಅಕ್ಷರಗಳು ಬಂದು, ಅವನ ಹೆಸರಿದ್ದ ಬೋರ್ಡುಗಳು ಒಂದೊಂದಾಗಿ ಗುಜರಿ ಸೇರುತ್ತಿದ್ದವು. ಉಳಿದರೆ ಈ ಆನೆಯ ಮೇಲಾದರೂ ಉಳಿಯಲಿ ಎಂಬುದು ಅವನ ಹಟ. ಗಂಡನ ಸಿಟ್ಟಿಗೆ ಬ್ರೇಕಾಗಿ ಹೆಂಡತಿ ರಾಜೀವಿಯೂ ಬಂದು ಕೂತಿದ್ದಳು.

ವಿನೀತ (ಆಟ ಮಾಡುವ ಧಾರವಾಡದ ಹುಡುಗ): ಕಾಕಾ, ಇದು ರಾಜಾನ ಆನಿರಿ. ಹೊಟ್ಟಿ ಮ್ಯಾಲ ‘ಮ’ ಅಂತ ಯಾಕ?

ಮಹಾಲಿಂಗ: ‘ಮಹಾಲಿಂಗ ಆರ್ಟ್ಸ್, ಧನಕವಡಿ’ ಅಂತ ಪೂರಾ ಬರದಿದ್ದೆ. ಕುದುರಿಯಷ್ಟು ದೊಡ್ಡದಾಗಿ ಬರದ ಆನೀನ ನೀ ಶೇಂಗಾ ಬೀಜದಷ್ಟು ಮಾಡ್ದಿ. ಅಂಬಾರಿ ಹೋತು, ಗೆಜ್ಜಿ ಹೋತು. ಒಂದಽ ಅಕ್ಷರ ಉಳಸೀನಿ. ಅದೂ ಕಣ್ಣಾಗ ಚುಚ್ತದೇನು?

ರಾಜೀವಿ: ನಾಲ್ಕು ಮಂದ್ಯಾಗ ಒದರಬ್ಯಾಡ್ರಿ.

ಮಹಾಲಿಂಗ: ನಾ ಎಲ್ಲಿ ಒದರೀನಿ? ಮಾತಾಡ್ಲಿಕ್ಕತ್ತೀನಿ!

ರಾಜೀವಿ: ಖರೇ ಬಿಡ್ರಿ. ಒದರಿದ್ರ ಊರ ಆ ತುದಿ ಕಾತ್ರಜ್‌ಗೆ ಕೇಳಸ್ತಿತ್ತು.

ವಿನೀತ: ನಿಮ್ಮ ಆನೀನ ಆಟದಾಗ ಹಾಕಿ ಇಟ್ಟೀನ್ರಿ. ಒಮ್ಮೆ ನೋಡ್ರಿ, ಆಮ್ಯಾಲ ಬೈರಿ.

ಪರದೆಯ ಮೇಲೆ ಆನೆಗಳ ಸಾಲು ಹೊರಟಿತು. ಪ್ರತಿ ಹೊಟ್ಟೆಯ ಮೇಲೂ ಬೆಳ್ಳಗೆ ‘ಮ’. ಮಹಾಲಿಂಗನ ಮೀಸೆ ಅರಳಿತು.

ಮಹಾಲಿಂಗ: ನೋಡು ರಾಜೀವಿ, ಇಡೀ ದಂಡಽ ನನ್ನ ಬೋರ್ಡು!

ರಾಜೀವಿ: ಎದುರಿನ ದಂಡಿನ್ಯಾಗೂ ನೀವಽ ಇದ್ದೀರಲ್ರಿ?

ವಿನೀತ: ಚಿತ್ರ ಒಂದಽರಿ ಕಾಕೂ. ಬೆನ್ನ ಮ್ಯಾಲಿನ ಬಟ್ಟಿ ಬಣ್ಣ ಅಷ್ಟಽ ಬ್ಯಾರೆ.

ಮಹಾಲಿಂಗ: ಅಂದ್ರ ನನ್ನ ಮ್ಯಾಲ ನಾನಽ ದಂಡೆತ್ತಿ ಹೊಂಟೀನೇನು?

ಉತ್ತರ ಬರುವಷ್ಟರಲ್ಲಿ ಎರಡೂ ದಂಡು ಡಿಕ್ಕಿ ಹೊಡೆದವು. ಆನೆಗಳು ಕಾಲು ಮೇಲೆ ಮಾಡಿ ಉರುಳತೊಡಗಿದವು.

ರಾಜೀವಿ: ಅಯ್ಯ, ನೀವು ಬಿದ್ರಿ! ಅಲ್ಲಿ ಹಳ್ಳದಾಗ ಮತ್ತೊಮ್ಮೆ ಬಿದ್ರಿ! ಅಕಾ, ನಿಮ್ಮ ಮ್ಯಾಲ ಕಾಗಿ ಕುಂತಾವ!

ಮಹಾಲಿಂಗ: ಬಾಯಿ ಮುಚ್ಚು! ಅದು ಆನಿ!

ರಾಜೀವಿ: ಆನೀ ಹೆಣದ ಮ್ಯಾಲ ಗಂಡನ ಹೆಸರು ನೋಡ್ಕೋತ ಕೂಡ್ಲೇನು? ಕುಂಕುಮ ಹಚ್ಚಿದ ಹೆಂಗಸು ನಾ! ಏ ವಿನೀತ, ಅಳಸಪಾ ಅದನ್ನ, ಈಗಿಂದೀಗ!

ಈಗ ಒದರುತ್ತಿದ್ದವಳು ಅವಳು. ಮಹಾಲಿಂಗ ಸಣ್ಣಗಾಗಿ ಕುರ್ಚಿಗೆ ಒರಗಿದ.

ಮಹಾಲಿಂಗ: ಅಳಸಿದ್ರ ನಾ ಎಲ್ಲಿ ಉಳದೆ ತಮ್ಮಾ?

ವಿನೀತ: ಆಟ ಮುಗದ ಮ್ಯಾಲ ಚಿತ್ರಾ ತಗದವರ ಹೆಸರು ಬರ್ತಾವ್ರಿ ಕಾಕಾ. ನಿಮ್ಮದು ಪೂರಾ ಹಾಕ್ತೀನಿ. ಧನಕವಡಿ ಸುದ್ಧಾ.

ಮಹಾಲಿಂಗ: ಎಲ್ಲಾರಿಗೂ ಕಾಣಸ್ತದೇನು?

ವಿನೀತ: ಗೆದ್ದವ್ರಿಗೆ ಕಾಣಸ್ತದ್ರಿ.

ಮಹಾಲಿಂಗ: ಮತ್ತ ಸೋತವ್ರಿಗೆ?

ವಿನೀತ: ಅವ್ರಿಗೆ ‘ಸೋತ್ರಿ’ ಅಂತ ಬರ್ತದ. ಮುಂದೇನೂ ಇಲ್ಲ.

ಮಹಾಲಿಂಗ ಮೀಸೆ ತಿರುವಿದ. ಆಮೇಲೆ ಕಿವಿಯ ಸಂದಿಯ ಪೆನ್ಸಿಲು ಕಿತ್ತು ಕಾಗದ ಎಳೆದುಕೊಂಡ.

ಮಹಾಲಿಂಗ: ಅಳಸು ‘ಮ’. ಆದ್ರ ವೈರಿ ಆನಿಗೋಳು ಬ್ಯಾರೆ ಇರ್ಲಿ. ಅವನ್ನೂ ನಾನಽ ಬರದು ಕೊಡ್ತೀನಿ.

ವಿನೀತ: ಯಾಕ್ರಿ ಕಾಕಾ, ಇವಽ ಚಂದ ಅದಾವಲ್ರಿ?

ಮಹಾಲಿಂಗ: ಚಂದ ತಗೊಂಡು ಏನ್ ಮಾಡ್ತಿ? ಎಲ್ಲಾ ಕುಂಟ ಆನಿ ಬರೀತೀನಿ. ಆಮ್ಯಾಲ ಆಡಾವ್ರಾಗ ಯಾರು ಸೋಲ್ತಾರ ನೋಡೇಬಿಡ್ತೀನಿ!