ಗುಳ್ಳೆಯ ಬೆನ್ನು ಹತ್ತಿ

ನನ್ನ ಲಾರಿಯನ್ನು ನನ್ನ ಹೆಂಡತಿ ಡೋನ್ಕ ‘ನಿನ್ನ ಮೊದಲ ಹೆಂಡತಿ’ ಎಂದು ಕರೆಯುತ್ತಾಳೆ. ಲಾರಿ ಈ ಮನೆಗೆ ಬಂದದ್ದು ಅವಳಿಗಿಂತ ಎರಡು ವರ್ಷ ಮೊದಲು ಎಂಬುದೇನೋ ನಿಜ. ಆದರೆ ಇಷ್ಟು ವರ್ಷಗಳಲ್ಲಿ ಲಾರಿ ನನಗೆ ಒಮ್ಮೆಯೂ ಎದುರಾಡಿರಲಿಲ್ಲ. (ಈ ವಾಕ್ಯ ಡೋನ್ಕಳ ಕಣ್ಣಿಗೆ ಬೀಳದಿರಲಿ.) ಅಂಥ ಸಾಧ್ವಿ ಲಾರಿ ಈ ಫೆಬ್ರವರಿಯಲ್ಲಿ, ಟ್ರಿಫೊನ್ ಹಬ್ಬಕ್ಕೆ ಇನ್ನು ನಾಲ್ಕೇ ದಿನ ಇರುವಾಗ ಕೈಕೊಟ್ಟಿತು. ಸ್ಟಾರ್ಟ್ ಆಗುತ್ತಿತ್ತು, ಮೂರು ನಿಮಿಷ ಗುರುಗುಟ್ಟುತ್ತಿತ್ತು, ಆಮೇಲೆ ಎರಡು ಸಲ ಕೆಮ್ಮಿ ಕಣ್ಣು ಮುಚ್ಚುತ್ತಿತ್ತು.

ಟ್ರಿಫೊನ್ ಹಬ್ಬದ ದಿನ ನಾವು ಗುಡ್ಡದ ಮೇಲಿನ ದ್ರಾಕ್ಷಿ ತೋಟಕ್ಕೆ ಹೋಗಿ ಬಳ್ಳಿ ಸವರುತ್ತೇವೆ, ಬುಡಕ್ಕೆ ಒಂದಿಷ್ಟು ವೈನ್ ಸುರಿಯುತ್ತೇವೆ, ಮಿಕ್ಕಿದ್ದನ್ನು (ಅಂದರೆ ಬಹುತೇಕ ಎಲ್ಲವನ್ನೂ) ನಮ್ಮೊಳಗೆ ಸುರಿದುಕೊಳ್ಳುತ್ತೇವೆ. ಯಾರ ವೈನ್ ಉತ್ತಮವೋ ಅವನ ತಲೆಗೆ ಬಳ್ಳಿಯ ಕಿರೀಟ ಇಟ್ಟು ರಾಜನೆಂದು ಸಾರುತ್ತೇವೆ. ಪೀಪಾಯಿಗಳು ಗುಡ್ಡ ಹತ್ತುವುದೂ ನನ್ನ ಲಾರಿಯಲ್ಲೇ, ರಾಜ ಇಳಿದು ಬರುವುದೂ ನನ್ನ ಲಾರಿಯಲ್ಲೇ. ಮೂರು ವರ್ಷದಿಂದ ಆ ರಾಜ ಮೆತೋದಿ, ಡೋನ್ಕಳ ತಮ್ಮ. ಒಣಗಿದ ಮೂರು ಕಿರೀಟಗಳನ್ನೂ ಅವನು ಊಟದ ಕೋಣೆಯಲ್ಲಿ, ಭಾನುವಾರ ನಾನು ಕೂರುವ ಕುರ್ಚಿಯ ನೇರ ಎದುರಿಗೆ, ಮೊಳೆ ಹೊಡೆದು ತೂಗುಹಾಕಿದ್ದಾನೆ.

ಆದರೆ ಈ ವರ್ಷದ ನನ್ನ ವೈನ್ ಬೇರೆಯೇ. ಮೊದಲ ಗುಟುಕು ಕುಡಿದ ಡೋನ್ಕ ಒಂದು ನಿಮಿಷ ಪೂರ್ತಿ ಮಾತಾಡಲಿಲ್ಲ. ಅವಳನ್ನು ಬಲ್ಲವರಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿಲ್ಲ. ಕಿರೀಟ ನನ್ನದೇ, ಲಾರಿ ಗುಡ್ಡ ಹತ್ತಿದರೆ.

“ಮೆಕ್ಯಾನಿಕ್ ಪೆಂಚೋನ ಕರಿ,” ಎಂದಳು ಡೋನ್ಕ.

“ಪೆಂಚೋ ಮೊದಲು ಇಂಜಿನ್ ಬಿಚ್ತಾನೆ, ಆಮೇಲೆ ಯಾಕೆ ಬಿಚ್ದೆ ಅಂತ ಯೋಚಿಸ್ತಾನೆ. ನಾನು ಮೊದಲು ಯೋಚಿಸ್ತೀನಿ.”

“ಹಾಗಾದ್ರೆ ಹಬ್ಬದೊಳಗೆ ಮುಗಿಯಲ್ಲ ಬಿಡು.”

ನಾನು ಯೋಚಿಸಿದೆ. ಲಾರಿಯ ಕೆಳಗೆ ಒಂದು ಹನಿ ಡೀಸೆಲ್ ಬಿದ್ದಿರಲಿಲ್ಲ. ಒಳಗಿನದು ಹೊರಗೆ ಸೋರುತ್ತಿಲ್ಲ ಎಂದಾದರೆ ಹೊರಗಿನದೇ ಒಳಗೆ ಸೋರುತ್ತಿರಬೇಕು. ಯಾವುದು? ಗಾಳಿ! ಟ್ಯಾಂಕಿನಿಂದ ಇಂಜಿನ್ನಿನವರೆಗೆ ಡೀಸೆಲ್ ತರುವ ರಬ್ಬರ್ ಪೈಪು ಒಟ್ಟು ಆರು ತುಂಡು. ಯಾವುದೋ ಒಂದು ಬಿರುಕು ಬಿಟ್ಟಿದೆ. ಪಂಪು ಡೀಸೆಲ್ ಎಳೆದಾಗ ಆ ಬಿರುಕಿನಿಂದ ಗಾಳಿ ಕಳ್ಳನಂತೆ ನುಗ್ಗುತ್ತಿದೆ. ಇಷ್ಟು ಸತ್ಯವನ್ನು ನಾನು ಒಂದು ಲೋಟ ರಕೀಯ ಸಾರಾಯಿ ಮುಗಿಯುವಷ್ಟರಲ್ಲಿ ಕಂಡುಕೊಂಡೆ. ಆದರೆ ಕರಿಯ ಪೈಪಿನೊಳಗೆ ಬಣ್ಣವಿಲ್ಲದ ಗಾಳಿಯನ್ನು ಕಾಣುವ ಬಗೆ? ಎರಡನೆಯ ಲೋಟ ಬೇಕಾಯಿತು.

ಉತ್ತರ ನೆಲಮಾಳಿಗೆಯ ಮೊಳೆಯಲ್ಲಿ ನೇತಾಡುತ್ತಿತ್ತು. ದೊಡ್ಡ ಪೀಪಾಯಿಯಿಂದ ಚಿಕ್ಕ ಪೀಪಾಯಿಗೆ ವೈನ್ ಇಳಿಸುವ ಪೈಪು, ಗಾಜಿನಂತೆ ಸ್ವಚ್ಛ, ಎರಡು ಮಾರು ಉದ್ದ. ಅದರೊಳಗೆ ಡೀಸೆಲ್ ಹರಿಸಿದರೆ ಗುಳ್ಳೆ ತಾನಾಗಿ ಮುಖ ತೋರಿಸುತ್ತದೆ. ಒಂದೇ ತೊಡಕು: ಹಿಂದೊಮ್ಮೆ ನಾನು ಅದರಲ್ಲಿ ಕೋಳಿಗೂಡು ತೊಳೆದಂದಿನಿಂದ ‘ಇನ್ನೊಂದ್ಸಲ ಮುಟ್ಟಿದ್ರೆ ಗೂಡಲ್ಲೇ ಮಲಗ್ಬೇಕಾಗುತ್ತೆ’ ಎಂಬ ಕಾನೂನು ಜಾರಿಯಲ್ಲಿತ್ತು. ಡೋನ್ಕ ಚರ್ಚಿಗೆ ಹೋದ ಸಮಯ ನೋಡಿ ಪೈಪನ್ನು ಕೋಟಿನೊಳಗೆ ಸುತ್ತಿಕೊಂಡು ಬಂದೆ.

ಫಿಲ್ಟರಿಗೂ ಪಂಪಿಗೂ ನಡುವೆ ಅದನ್ನು ಸಿಕ್ಕಿಸಿ ಇಂಜಿನ್ ಎಬ್ಬಿಸಿದೆ. ಆಹಾ. ಹೊಂಬಣ್ಣದ ಡೀಸೆಲ್ಲಿನಲ್ಲಿ ಒಂದರ ಹಿಂದೊಂದು ಗುಳ್ಳೆಗಳು, ಮುತ್ತಿನ ಸರ ಎಳೆದಂತೆ. ಎಲ್ಲಿಂದ ಬರುತ್ತವೆ, ಯಾಕೆ ಕೆಲವು ದಪ್ಪ, ಕೆಲವು ಸಣ್ಣ, ಯಾಕೆ ಜೋಡಿಜೋಡಿಯಾಗಿ ಹೊರಡುತ್ತವೆ? ಇಂಜಿನ್ ಸಾಯುತ್ತಿತ್ತು, ನಾನು ಎಬ್ಬಿಸುತ್ತಿದ್ದೆ, ಮತ್ತೆ ನೋಡುತ್ತಿದ್ದೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಇಷ್ಟು ಕುತೂಹಲ ಹುಟ್ಟಿಸುವ ವಸ್ತು ಇನ್ನೊಂದು ನನಗೆ ಸಿಕ್ಕಿರಲಿಲ್ಲ.

ಹೊಸ ರಬ್ಬರ್ ಪೈಪನ್ನು ಪೆಂಚೋನ ಅಂಗಡಿಯಿಂದಲೇ ತಂದೆ, ಕೋಳಿಗೂಡಿಗೆ ಎಂದು ಹೇಳಿ. (“ಕೋಳಿಗಳು ಡೀಸೆಲ್ ಕುಡಿಯೋಕೆ ಶುರು ಮಾಡಿದ್ವಾ?” ಎಂದ ಆ ಪಾಪಿ.) ಇಂಜಿನ್ನಿನ ಕಡೆಯಿಂದ ಒಂದೊಂದೇ ತುಂಡು ಬದಲಿಸುತ್ತ ಹಿಂದಕ್ಕೆ ಹೊರಟೆ. ಐದು ತುಂಡು ಹೊಸದಾದರೂ ಗುಳ್ಳೆ ನಿಲ್ಲಲಿಲ್ಲ. ಆರನೆಯದು ಟ್ಯಾಂಕಿನ ನೆತ್ತಿಯ ಮೇಲೆ, ಕಬ್ಬಿಣದ ಪಟ್ಟಿಯ ಮರೆಯಲ್ಲಿ, ಗೇಣುದ್ದ. ಕೈ ಹಾಕಿದ ಕೂಡಲೆ ಸೀದ ರೊಟ್ಟಿಯ ಅಂಚಿನಂತೆ ಪುಡಿಯಾಯಿತು. ಕಳ್ಳ ಸಿಕ್ಕಿದ.

ಟ್ಯಾಂಕಿನೊಳಗೆ ಕಸ ಕಟ್ಟಿದೆಯೋ ಎಂದು ನೋಡಲು ವೈನ್ ಪೈಪನ್ನು ಅಲ್ಲಿಗೆ ಸಿಕ್ಕಿಸಿ ಬಾಯಿಂದ ಎಳೆದೆ. ಕಸ ಇರಲಿಲ್ಲ. ಬಾಯಿ, ಮೀಸೆ, ಕಾಲರು ಎಲ್ಲ ಒಟ್ಟಿಗೆ ಪಾವನವಾದವು. ರಕೀಯದಲ್ಲಿ ಬಾಯಿ ಮುಕ್ಕಳಿಸಿ, ಹೊಸ ತುಂಡು ಹಾಕಿ, ವೈನ್ ಪೈಪನ್ನು ಮತ್ತೆ ಪಂಪಿನ ಮುಂದೆ ಸಿಕ್ಕಿಸಿ, ಕ್ಲಿಪ್ಪು ಬಿಗಿದು, ಕೈಪಂಪು ಒತ್ತಿ ಒಳಗುಳಿದ ಗಾಳಿಯನ್ನು ಹೊರಗೆ ಬಿಟ್ಟೆ. ಅರ್ಧ ಗಂಟೆ ಓಡಿದರೂ ಒಂದು ಕೆಮ್ಮಿಲ್ಲ, ಒಂದು ಗುಳ್ಳೆಯಿಲ್ಲ. ವೈನ್ ಪೈಪನ್ನು ಬಿಚ್ಚಿ ಮೂರು ಸಲ ಬಿಸಿನೀರಲ್ಲಿ, ಎರಡು ಸಲ ವಿನೆಗರಲ್ಲಿ ತೊಳೆದು ಮೊಳೆಗೆ ನೇತುಹಾಕಿದೆ.

ಮರುದಿನ ನಾನು ಸೌದೆಗೆ ಹೋಗಿ ಬರುವಷ್ಟರಲ್ಲಿ ಡೋನ್ಕ ಹಬ್ಬದ ಪೀಪಾಯಿ ತುಂಬಿಸಿಬಿಟ್ಟಿದ್ದಳು. ಹೆಮ್ಮೆಯಿಂದ ಒಂದು ಲೋಟ ಬಗ್ಗಿಸಿ ಬಾಯಿಗಿಟ್ಟೆ.

ಡೀಸೆಲ್.

ಇನ್ನೊಮ್ಮೆ ಕುಡಿದೆ. ಸಂಶಯವೇ ಇಲ್ಲ, ಅಪ್ಪಟ ಡೀಸೆಲ್. ಮಧ್ಯಾಹ್ನದ ಸೂಪಿನಲ್ಲೂ ಅದೇ ನಾತ ಇದ್ದಂತೆ ಅನಿಸಿತು, ಆದರೆ ಅವಳ ಸೂಪಿನ ಬಗ್ಗೆ ಅಭಿಪ್ರಾಯ ಹೇಳುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು.

“ಹೇಗಿದೆ?” ಎಂದಳು.

“ಅದ್ಭುತ,” ಎಂದೆ, ಎರಡಕ್ಕೂ ಸೇರಿಸಿ.

ನಿಜ ಹೇಳಿದರೆ ಕೋಳಿಗೂಡು. ಹೇಳದಿದ್ದರೆ ಊರೆಲ್ಲ ನನ್ನ ವೈನನ್ನು ಉಗುಳಿ ಮೊಮ್ಮಕ್ಕಳ ಕಾಲದವರೆಗೆ ನಗುತ್ತದೆ. ಎರಡು ದಿನ ನಿದ್ದೆಯಿಲ್ಲ. ಮೂರನೆಯ ದಿನ, ಹಬ್ಬದ ಬೆಳಿಗ್ಗೆ, ಮೆತೋದಿ ತನ್ನ ಪೀಪಾಯಿ ತಂದು ಲಾರಿಗೆ ಹೇರಿ, ಅಕ್ಕ ಸುಟ್ಟ ಚೀಸ್ ಕಡುಬು ಬನಿತ್ಸ ತಿನ್ನಲು ಒಳಗೆ ಹೋದ. ಅವರ ಅಪ್ಪ ಮಗಳಿಗೊಂದು ಮಗನಿಗೊಂದು ಮಾಡಿಸಿಕೊಟ್ಟ ಜೋಡಿ ಪೀಪಾಯಿಗಳು. ಗುರುತಿಗೆ ಕೊರಳಲ್ಲಿ ಹಗ್ಗದಿಂದ ಕಟ್ಟಿದ ಹೆಸರಿನ ಹಲಗೆ, ಅಷ್ಟೆ. ಲಾರಿಯ ಮೇಲೆ ನಾನೊಬ್ಬನೇ. ಹಲಗೆಗಳನ್ನು ಬದಲಿಸಲು ಎಷ್ಟು ಹೊತ್ತು ಬೇಕು? ಪೈಪಿನ ಕ್ಲಿಪ್ಪು ಬಿಗಿದ ಕೈಗಳಿಗೆ ಅರ್ಧ ನಿಮಿಷ.

ಲಾರಿ ಹಾಡುತ್ತ ಗುಡ್ಡ ಹತ್ತಿತು. ನಾನೂ ಹಾಡಿದೆ.

ರುಚಿ ನೋಡುವ ಮೂವರು ಮುದುಕರು ‘ಮೆತೋದಿ’ ಎಂದು ಬರೆದ ಪೀಪಾಯಿಯ ಮುಂದೆ ಕೂತರು. ಉಗುಳುವ ದಿಕ್ಕು ಅಂದಾಜು ಮಾಡಿ ನಾನು ಪಕ್ಕಕ್ಕೆ ಸರಿದು ನಿಂತೆ. ಹಿರಿಯ ಮುದುಕ ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ತೆರೆದಾಗ ಅದರಲ್ಲಿ ನೀರು.

“ನಾವು ಇಷ್ಟು ವರ್ಷ ಕುಡಿದಿದ್ದೆಲ್ಲ ಏನಪ್ಪ ಹಾಗಾದ್ರೆ?” ಎಂದು ಲೋಟ ಮತ್ತೆ ಚಾಚಿದ.

ನನ್ನ ಹೆಸರಿನದನ್ನು ಕುಡಿದು ಹೇಳಿದ, “ಪರವಾಗಿಲ್ಲ ರಾಂಗೆಲ್. ಮೆತೋದಿ ಹೋದ ವರ್ಷ ಮಾಡಿದ್ನಲ್ಲ, ಹಾಗೇ ಇದೆ. ಕಾಪಿ ಹೊಡೆದ್ರೂ ತಪ್ಪಿಲ್ಲದೆ ಹೊಡೆದಿದೀಯ.”

ಮೆತೋದಿ ತನ್ನದೆಂದುಕೊಂಡ ವೈನನ್ನು ಕುಡಿದು ಬೆರಗಾಗಿ ನನ್ನ ಹೆಗಲಿಗೆ ಒರಗಿದ. “ನಾನು ಇಷ್ಟು ಚೆನ್ನಾಗಿ ಮಾಡ್ದೆ ಅಂತ ನಂಗೇ ಗೊತ್ತಿರ್ಲಿಲ್ಲ ಭಾವ.”

ಡೋನ್ಕ ಎರಡರಲ್ಲೂ ಒಂದೊಂದು ಗುಟುಕು ಕುಡಿದು, ಹಲಗೆಗಳ ಗಂಟು ನೋಡಿ, ನನ್ನನ್ನು ಲಾರಿಯ ಹಿಂದಕ್ಕೆ ಕರೆದಳು.

“ಮೂರು ದಿನದಿಂದ ಕೇಳ್ಬೇಕು ಅಂತಿದ್ದೆ. ಮೀಸೆಗೆ ಡೀಸೆಲ್ ಹಚ್ಕೊಂಡು ಯಾಕೆ ಓಡಾಡ್ತಿದೀಯ? ಹುರಿ ಬಿಚ್ಚುತ್ತೆ ಅಂತ ಸೋಪೂ ಮುಟ್ಟಿಸಲ್ಲ.”

ನಾನು ಮೀಸೆಯ ತುದಿ ಎಳೆದು ಮೂಸಿದೆ. ಮೊನ್ನೆಯ ಸೂಪಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

“ಮತ್ತೆ ಆ ಪೈಪು?”

“ಮಾಳಿಗೆ ಬಾಗಿಲು ತೆಗೆದಾಗ್ಲೇ ನಾತ ಬಂತು. ಕೋಳಿಗೂಡಿಗೆ ಎಸೆದೆ. ಮೆತೋದಿ ಪೈಪು ಇಸ್ಕೊಂಡು ಬಂದು ತುಂಬಿಸ್ದೆ.”

“ಹೇಳ್ಬಾರ್ದಾಗಿತ್ತಾ?”

“ನೀನೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ.”

ಕಿರೀಟ ಧರಿಸಿದ ಮೆತೋದಿ ಲಾರಿಯ ಮೇಲೆ ನನ್ನ ವೈನಿನ ಪೀಪಾಯಿಯನ್ನು ತಬ್ಬಿಕೊಂಡು ಕೂತ. ಊರಿಗೆ ಮೂರು ಸುತ್ತು, ನಿಧಾನವಾಗಿ, ಎಂದು ಅಪ್ಪಣೆಯಾಯಿತು. ಸ್ಟೀರಿಂಗ್ ಹಿಡಿದ ನಾನು ಟ್ರಿಫೊನ್ ಸಂತನಲ್ಲಿ ಬೇಡಿಕೊಂಡದ್ದು ಒಂದೇ ಒಂದು ಗುಳ್ಳೆ. ಅದೂ ಸಣ್ಣದು, ಲಾರಿ ಎರಡು ಸಲ ಕೆಮ್ಮಿ ನಿಲ್ಲುವಷ್ಟು. ಮೂರು ಸುತ್ತು ಮುಗಿದವು. ಇಂಜಿನ್ ಚೆನ್ನಾಗಿ ಓಡುತ್ತಿದೆಯೆಂದು ರಾಜರು ಮೆಚ್ಚಿ ನಾಲ್ಕನೆಯದಕ್ಕೆ ಅಪ್ಪಣೆ ಕೊಟ್ಟರು.