ಆಗಲಿರಾಯರ ಕಾರಿನ ಎಸಿ

ಮಧ್ಯಾಹ್ನ ಎರಡು ಗಂಟೆಗೆ ಆಗಲಿರಾಯರು ಕಾರಿನ ಎಸಿ ಗುಂಡಿ ಒತ್ತಿದರು. ದೀಪ ಹೊತ್ತಲಿಲ್ಲ. ಇನ್ನೊಮ್ಮೆ ಒತ್ತಿದರು. ಒಲೆಯ ಬಾಯಿಂದ ಬಂದಂಥ ಬಿಸಿಗಾಳಿ ಮುಖಕ್ಕೆ ಬಡಿಯಿತು.

ಲೈಬ್ರರಿಯಲ್ಲಿ ಕೆಲಸ ಮಾಡುವ ಈ ಸಾಧು ಮನುಷ್ಯರಿಗೆ ಬೇರೆ ಹೆಸರು ಇರಲಿಲ್ಲವೆಂದಲ್ಲ. ಯಾರು ಏನು ಹೇಳಿದರೂ ‘ಆಗಲಿ’ ಎನ್ನುವುದನ್ನು ಕೇಳಿ ಕೇಳಿ ಬೀದಿಯವರು ಇಟ್ಟ ಹೆಸರೇ ಗಟ್ಟಿಯಾಗಿತ್ತು.

ಹೆಂಡತಿ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಿದ್ದಳು. ಇವತ್ತಿನದು ಶಾಲೆಯ ಐವತ್ತನೇ ವರ್ಷದ ಸಮಾರಂಭಕ್ಕೆ ಮೂರಂತಸ್ತಿನ ಕ್ರೀಮ್ ಕೇಕು. ಇದು ಮೆಚ್ಚುಗೆಯಾದರೆ ವರ್ಷವಿಡೀ ಶಾಲೆಯ ಕೇಕುಗಳೆಲ್ಲ ನಿಮ್ಮದೇ ಎಂದು ಹೆಡ್‌ಮಿಸ್ಟ್ರೆಸ್ ಮಾತು ಕೊಟ್ಟಿದ್ದರು. ಮೇಜು ಸಿಂಗರಿಸಲು ಮುಂಚೆಯೇ ಹೊರಟ ಹೆಂಡತಿ, “ರೀ, ಕಾರು ತಣ್ಣಗಾದ ಮೇಲೇ ಕೇಕನ್ನ ಫ್ರಿಜ್ಜಿಂದ ತೆಗೀಬೇಕು. ಕ್ರೀಮ್ ಕರಗಿದ್ರೆ ಮನೆಗೆ ಬರಬೇಡಿ,” ಎಂದಿದ್ದಳು. ಕೇಕ್ ಕತ್ತರಿಸುವುದು ಮೂರು ಗಂಟೆಗೆ.

ರಾಯರು ಬಾನೆಟ್ ಎತ್ತಿದ್ದೇ ತಪ್ಪಾಯಿತು. ಎತ್ತಿದ ಬಾನೆಟ್ಟೆಂದರೆ ಬೀದಿಗೆಲ್ಲ ಕೊಟ್ಟ ಕರೆಯೋಲೆ. ಎದುರುಮನೆಯ ಕಾಂಪೌಂಡರ್ ಬಂದು, ನಾಡಿ ನೋಡುವವನಂತೆ ಪೈಪು ಹಿಡಿದು, ಎಂಜಿನ್ನಿಗೆ ಉಷ್ಣ ಏರಿದೆ ಎಂದು ಎರಡು ಕೊಡ ನೀರು ಸುರಿದ. ಪಕ್ಕದ ಮನೆಯ ನಿವೃತ್ತ ಲೈನ್‌ಮ್ಯಾನ್ ಬಂದು, ಅದೆಲ್ಲ ಬೊಗಳೆ, ಕರೆಂಟಿನದೇ ದೋಷ ಎಂದು ಸಿಕ್ಕಸಿಕ್ಕ ವೈರು ಕಿತ್ತು ಹಾಕಿದ. ಹಾರ್ನ್ ಸತ್ತಿತು, ವೈಪರ್ ತಾನಾಗಿ ಓಡತೊಡಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಿಮ್ಮ ಉಪಕಾರ ಸಾಕು, ಮನೆಗೆ ಹೋಗಿ ಎಂದು ಕಿರುಚಬೇಕು ಅನ್ನಿಸಿತು ರಾಯರಿಗೆ. ಬಾಯಿಂದ ಬಂದದ್ದು “ಆಗಲಿ” ಒಂದೇ.

ಎರಡೂವರೆಗೆ ಲೈನ್‌ಮ್ಯಾನ್ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಸುಟ್ಟ ಫ್ಯೂಸೊಂದನ್ನು ಕಿತ್ತು ಹೊರಗೆಸೆದ. ಅಲ್ಲಿಂದ ಎರಡು ವೈರು ಎಳೆದು, ಬಟ್ಟೆ ಸುತ್ತಿ, ಒಂದಕ್ಕೊಂದು ಒತ್ತಿ ಹಿಡಿದ. ಬುಸ್ಸೆಂದು ತಣ್ಣನೆಯ ಗಾಳಿ ಬಂತು. ರಾಯರಿಗೆ ಎದೆಗೆ ಹಾಲು ಎರೆದಂತಾಯಿತು.

“ಒಂದೇ ತೊಂದರೆ ಸರ್. ನಾನು ಕೈ ಬಿಟ್ರೆ ತಂಪು ನಿಲ್ಲುತ್ತೆ. ಹಿಡ್ಕೊಂಡೇ ಬರ್ತೀನಿ,” ಎಂದು ಲೈನ್‌ಮ್ಯಾನ್ ಮುಂದಿನ ಸೀಟಿನಲ್ಲಿ ಬಾಗಿ ಕೂತ.

ಆಗ ಕಾಂಪೌಂಡರ್‌ಗೆ ನೆನಪಾಯಿತು, ಶಾಲೆಯ ಪಕ್ಕದಲ್ಲೇ ತನ್ನ ಅಕ್ಕನ ಮನೆ. ಅಮ್ಮನನ್ನು ಅಲ್ಲಿಗೆ ಬಿಡಬೇಕು, ಪಾಪ ಮಂಡಿ ನೋವು, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಲಿ ಎಂದ. ರಾಯರು ಗಡಿಯಾರ ನೋಡಿ ಹಲ್ಲು ಕಚ್ಚಿಕೊಂಡು “ಆಗಲಿ” ಎಂದರು. ಎಂಜಿನ್ ಆರಿದರೆ ಮತ್ತೆ ಹೊತ್ತುವ ಭರವಸೆ ಇರಲಿಲ್ಲ. ಅದಕ್ಕೇ ಅವರು ಸ್ಟಿಯರಿಂಗ್ ಬಿಟ್ಟು ಏಳಲಿಲ್ಲ. ಕಾಂಪೌಂಡರನೇ ಒಳಗಿನಿಂದ ಕೇಕ್ ಹೊತ್ತು ತಂದು, ಮನೆಗೆ ಬೀಗ ಹಾಕಿ, ಅಮ್ಮನ ಪಕ್ಕ ತೂರಿಕೊಂಡ.

“ಕೇಕು?” ಎಂದರು ರಾಯರು.

“ಭದ್ರವಾಗಿದೆ. ನೀವು ರಸ್ತೆ ನೋಡಿ ಸರ್.”

ಅವನ ತೊಡೆಯ ಮೇಲಿರಬೇಕು ಎಂದುಕೊಂಡು ರಾಯರು ಹೊರಟರು. ಹೊರಗೆ ರಸ್ತೆಯ ಡಾಂಬರು ಕರಗುತ್ತಿತ್ತು. ಒಳಗೆ ಕಾಂಪೌಂಡರನ ಅಮ್ಮ ಸೆರಗನ್ನು ತಲೆ ಮೇಲೆ ಎಳೆದುಕೊಂಡರು, ಲೈನ್‌ಮ್ಯಾನ್ ಎರಡು ಸಲ ಸೀನಿದ. ಆ ಚಳಿಯನ್ನು ನೋಡಿಯೇ ರಾಯರಿಗೆ ಆನಂದ.

ಮೂರಕ್ಕೆ ಐದು ನಿಮಿಷ ಇರುವಾಗ ಕಾರು ಶಾಲೆ ತಲುಪಿತು. ಎಂಜಿನ್ ಆರಿಸದೆಯೇ ರಾಯರು ಇಳಿದರು. ಹೆಡ್‌ಮಿಸ್ಟ್ರೆಸ್ ಜೊತೆ ಹೆಂಡತಿ ಓಡಿ ಬಂದು ಹಿಂದಿನ ಬಾಗಿಲು ತೆಗೆದಳು. ತಣ್ಣನೆಯ ಗಾಳಿಯ ಜೊತೆ ನಡುಗುತ್ತಾ ಕಾಂಪೌಂಡರ್ ಇಳಿದ, ಆಮೇಲೆ ಅವನಮ್ಮ.

“ಕೇಕ್ ಎಲ್ಲಿ?” ಎಂದಳು ಹೆಂಡತಿ.

“ಡಿಕ್ಕೀಲಿದೆ ತಾಯಿ,” ಎಂದ ಕಾಂಪೌಂಡರ್ ಹೆಮ್ಮೆಯಿಂದ. “ಸೀಟಲ್ಲಿ ನಮಗೇ ಜಾಗ ಸಾಲಲಿಲ್ಲ.”

ಡಿಕ್ಕಿ ತೆಗೆದರು. ಬಾಣಲೆಯಂತೆ ಕಾದಿದ್ದ ಡಿಕ್ಕಿಯಲ್ಲಿ ಮೂರಂತಸ್ತು ಒಂದಂತಸ್ತಾಗಿ, ಕ್ರೀಮು ಸ್ಟೆಪ್ನಿಯ ಕಡೆಗೆ ಹರಿದಿತ್ತು. ಹೆಡ್‌ಮಿಸ್ಟ್ರೆಸ್ ತಿರುಗಿ ಒಳಗೆ ಹೋದರು. ಹೆಂಡತಿ ಗಂಡನನ್ನು ನೋಡಿದಳು. ರಾಯರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಕಾರಿನೊಳಗಿಂದ ಲೈನ್‌ಮ್ಯಾನ್‌ನ ನಡುಗುವ ದನಿ ಬಂತು. “ಸರ್, ಇನ್ನು ವೈರು ಬಿಡಲಾ?”

“ಆಗಲಿ,” ಎಂದರು ರಾಯರು.